ಯಾರ ಮಾತಿಗೆ ಯಾರು ನಗೋದು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತೋರಿಗೆ ಕೇಳ್ತಾ ಉಂಟಾ? ಸರಿ. ನಮ್ಮ ಕೊಡಗಿನ ಈ ಗೋಣಿಕೊಪ್ಪದಲ್ಲಿ ನಾನು ಸ್ಟೇಜ್ ಹತ್ತಿದ್ದು ಸುಮಾರು ಸಲ, ಆದ್ರೆ ಮಿಮಿಕ್ರಿ ಬೇಡ, ಬರೀ ಮಾತಾಡಿ ಅಂತ ಕರ್ದಿದ್ದು ಇದೇ ಫಸ್ಟು. ಕಾರ್ಡಲ್ಲಿ "ಹಾಸ್ಯ, ಹೆಸರು, ಹೊಟ್ಟೆಪಾಡು" ಅಂತ ಮೂರು ಹಾಕಿದ್ದಾರೆ. ಮೂರಕ್ಕೂ ಚೀಟಿ ಬರ್ಕೊಂಡೇ ಬಂದೆ. ಆದ್ರೆ ಹೋದ ವಾರ ಒಬ್ಬ ಹುಡುಗ ರೀಲ್ ಕಳ್ಸಿದ, "ಅಣ್ಣ, ಹೆಂಗುಂಟು ನೋಡಿ ಹೇಳಿ" ಅಂತ. ತಲೆಗೆ ವಿಗ್ಗು, ಹಲ್ಲಿಗೆ ಕಪ್ಪು, ಮಾತು ನಮ್ಮ ಲೈನ್ ಮನೆಯ, ಅಂದ್ರೆ ಕಾಫಿ ತೋಟದ ಕೂಲಿ ಸಾಲುಮನೆಯ, ಯರವ ಬುಡಕಟ್ಟಿನೋರ ಮಾತು. ಚೆನ್ನಾಗಿ ಮಾಡ್ತಾನೆ, ಅವನ ಕಿವಿ ಭಾರಿ ಶಾರ್ಪು, ಸಾವಿರಾರು ಲೈಕ್ ಬಂದುಂಟು. ನಂಗೆ ನಗು ಬರ್ಲಿಲ್ಲ. ಯಾಕೆ ಅಂತ ಫೋನಲ್ಲಿ ಹೇಳೋಕಾಗ್ಲಿಲ್ಲ. ಅವನು ಈಗ ಇಲ್ಲೇ ಎಲ್ಲೋ ಕೂತಿದ್ದಾನೆ, ಹೆಸರು ಹೇಳಲ್ಲ, ಯಾರೂ ತಿರುಗಿ ನೋಡ್ಬೇಡಿ.

ಯಾಕಂದ್ರೆ ಆ ಐಟಂ ಮೊದ್ಲು ಮಾಡಿದ್ದು ನಾನು. ಇಪ್ಪತ್ತೆರಡು ವರ್ಷ ನಂಗೆ ಆಗ, ಮದುವೆ ರಿಸೆಪ್ಷನ್ಗಳಲ್ಲಿ ಮಿಮಿಕ್ರಿ ಮಾಡ್ತಿದ್ದೆ. ನಿಮಗೆ ಗೊತ್ತುಂಟಲ್ಲ, ನಮ್ಮ ಕಡೆ ಮದುವೆಯಲ್ಲಿ ವಾಲಗ, ಅಂದ್ರೆ ಕುಣಿತದ ವಾದ್ಯ, ಶುರುವಾದ್ರೆ ಯಾವ ಕಾಮಿಡಿಯನ್ನೂ ನಿಲ್ಲೋಕಾಗಲ್ಲ, ಅಜ್ಜಿಯಿಂದ ಮೊಮ್ಮಗಳ ತನಕ ಎಲ್ಲ ಕುಣಿಯೋಕೆ ಹೋಗ್ತಾರೆ, ಹಾಗಾಗಿ ವಾಲಗದ ಮುಂಚೆ ಸಿಗೋ ಇಪ್ಪತ್ತು ನಿಮಿಷದಲ್ಲೇ ಹಾಲ್ ಹಿಡೀಬೇಕು. ಹಿಡಿಯೋಕೆ ನನ್ನ ಹತ್ರ ಇದ್ದ ದೊಡ್ಡ ಅಸ್ತ್ರ ಅದೇ, ಲೈನ್ ಮನೆಯವನು ಸಾಹುಕಾರ್ರ ಹತ್ರ ಅಡ್ವಾನ್ಸ್ ಕೇಳೋದು. ಅವತ್ತೂ ಹಾಲ್ ಬಿದ್ದು ಬಿದ್ದು ನಕ್ತು. ಮುಗಿಸಿ ಊಟಕ್ಕೆ ಅಂತ ಹಿಂದ್ಗಡೆ ಹೋದೆ. ಅಲ್ಲಿ ಒಬ್ಬರು ಹೆಂಗಸು ಪಾತ್ರೆ ತೊಳೀತಾ ಇದ್ರು, ತೋಟದ ಲೈನಿಂದ ಬಂದೋರು. ಅವ್ರ ಮಗ, ಆರೇಳು ವರ್ಷ ಇರ್ಬೇಕು, ಬಾಗ್ಲ ಸಂದಿಯಲ್ಲಿ ನಿಂತು ನನ್ನ ಪೂರಾ ಪ್ರೋಗ್ರಾಂ ನೋಡಿದ್ದಾನೆ. ನಾನು ಹೋಗೋವಾಗ ಅವನು ಅಮ್ಮನ ಎದುರು ನಿಂತು ಅಮ್ಮನ ಮಾತನ್ನೇ ನನ್ನ ರಾಗದಲ್ಲಿ ಆಡಿ ತೋರಿಸ್ತಾ ಇದ್ದ. ಅಮ್ಮ "ಸಾಕು ಬಿಡು" ಅಂದ್ರೆ ಅದನ್ನೂ ಅದೇ ರಾಗದಲ್ಲಿ ಹೇಳಿ ನಗ್ತಾನೆ. ಅವನಿಗೆ ಖುಷಿ ಸರ್, ನಿಜವಾಗ್ಲೂ ಖುಷಿ. ಆ ಅಮ್ಮ ನನ್ನ ನೋಡಿದ್ರು, ಏನೂ ಹೇಳ್ಲಿಲ್ಲ, ಕೈ ಒರ್ಸ್ಕೊಂಡು ಬಂದು ನನ್ನ ತಟ್ಟೆಗೆ ಇನ್ನೆರಡು ಕಡಂಬುಟ್ಟು, ಅದೇ ಅಕ್ಕಿ ತರಿ ಉಂಡೆ, ಹಾಕಿದ್ರು.

ಆ ಕಡಂಬುಟ್ಟು ನಂಗೆ ಇವತ್ತಿಗೂ ಇಳ್ದಿಲ್ಲ.

ಈಗ ಕೆಲವರು ಕೇಳ್ತಾರೆ, ಕಾಮಿಡಿ ಅಂದ್ಮೇಲೆ ಯಾರನ್ನಾದ್ರೂ ಆಡ್ಕೊಳ್ಳೋದೇ ಅಲ್ವಾ, ಇಷ್ಟು ಸೀರಿಯಸ್ಸಾದ್ರೆ ಹೆಂಗೆ ಅಂತ. ಅವ್ರಿಗೆ ನಾನು ದೇವರಪುರ ತೋರಿಸ್ತೀನಿ. ತಿತಿಮತಿ ಹತ್ರ, ಮೇ ತಿಂಗಳು, ಕುಂಡೆ ಹಬ್ಬ. ನಿಮ್ಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಇದೇ ಗೋಣಿಕೊಪ್ಪ ರೋಡಲ್ಲಿ ಎಲ್ರ ಕಾರೂ ನಿಲ್ಸಿದ್ದಾರೆ. ಗಂಡಸರು ಸೀರೆ ಉಟ್ಟು, ಡಬ್ಬ ಡ್ರಮ್ಮು ಬಡೀತಾ, ವರ್ಷ ಪೂರ್ತಿ ತೋಟದಲ್ಲಿ ತಲೆ ತಗ್ಗಿಸಿ ಕೆಲಸ ಮಾಡೋ ಜೇನು ಕುರುಬರು, ಯರವರು ಆವತ್ತು ಸಾಹುಕಾರ್ರಿಗೂ ಬೈತಾರೆ, ಪೊಲೀಸಿಗೂ ಬೈತಾರೆ, ಸಾಕ್ಷಾತ್ ಅಯ್ಯಪ್ಪನಿಗೇ ಬೈತಾರೆ. ಬೇಟೆಗೆ ಅಂತ ಕರ್ಕೊಂಡು ಬಂದು, ಭದ್ರಕಾಳಿ ಸಿಕ್ಕಿದ ಕೂಡ್ಲೇ ನಮ್ಮನ್ನ ಕಾಡಲ್ಲಿ ಬಿಟ್ಟು ಹೋದ ಅಂತ ದೇವರ ಮೇಲೆ ಅವ್ರ ಸಿಟ್ಟು. ಆ ಬೈಗುಳ ನಾನು ಮೈಕಲ್ಲಿ ಹೇಳಲ್ಲ, ಎದುರಿಗೆ ಟೀಚರ್ಸ್ ಕೂತಿದ್ದಾರೆ. ಆದ್ರೆ ಬೈಸ್ಕೊಂಡೋರು ನಗ್ತಾ ದುಡ್ಡು ಕೊಟ್ಟು ಹೋಗ್ತಾರೆ.

ನಮ್ಮ ಜಿಲ್ಲೆಯ ನಿಜವಾದ ಹಾಸ್ಯ ಅದು ಅಂತ ನಾನು ಎಲ್ಲಿ ಹೋದ್ರೂ ಹೇಳ್ತೀನಿ. ಕೆಳಗೆ ನಿಂತೋರು ಮೇಲೆ ಕೂತೋರನ್ನ ನೋಡಿ ನಗೋದು. ಮಾಸ್ಟರ್ ಹಿರಣ್ಣಯ್ಯನವರು ಲಂಚಾವತಾರ ನಾಟಕದಲ್ಲಿ ಮಾಡಿದ್ದೂ ಅದೇ, ಅಧಿಕಾರದಲ್ಲಿ ಇದ್ದೋರನ್ನ ಬಿಡ್ತಿರ್ಲಿಲ್ಲ. ನಾನು ಮದುವೆ ಹಾಲಲ್ಲಿ ಮಾಡ್ತಿದ್ದದ್ದು ಪೂರಾ ಉಲ್ಟಾ. ವರ್ಷಕ್ಕೆ ಒಂದು ದಿನ ಅವ್ರು ನಮ್ಮನ್ನ ನೋಡಿ ನಗ್ತಾರೆ, ಮಿಕ್ಕಿದ ಮುನ್ನೂರ ಅರವತ್ನಾಲ್ಕು ದಿನ ನಾವು ಅವ್ರನ್ನ ನೋಡಿ ನಗ್ಬೇಕಾ?

ದ್ವಾರಕೀಶ್ ಅವ್ರದ್ದು ಒಂದು ಹೇಳ್ಬೇಕು. ಇಲ್ಲೇ ಹುಣಸೂರಿನೋರು, 1942ರಲ್ಲಿ ಹುಟ್ಟಿದ್ದು, 2024ರ ಏಪ್ರಿಲಲ್ಲಿ ಹೋದ್ರು. ನಾನು ಮೈಸೂರು ಬಸ್ಸಲ್ಲಿ ಹುಣಸೂರು ದಾಟೋವಾಗೆಲ್ಲ ನೆನಪಾಗ್ತಾರೆ. ಕುಳ್ಳ ಅನ್ನೋದನ್ನ ಅವ್ರು ತಾವೇ ಎತ್ಕೊಂಡು ಹೆಸರು ಮಾಡ್ಕೊಂಡ್ರು, ಕರ್ನಾಟಕದ ಕುಳ್ಳ ಅಂತ. ಅದು ಅವ್ರ ಎತ್ತರ, ಅವ್ರ ಹಕ್ಕು. ಅದೇ ನಾವು ಕ್ಲಾಸಲ್ಲಿ ಪಕ್ಕದ ಹುಡುಗನ್ನ ಕುಳ್ಳ ಅಂದ್ರೆ ಅದು ಕಾಮಿಡಿ ಅಲ್ಲ. ಇನ್ನೊಬ್ರು ಹಳೇ ಸಿನಿಮಾದ ನಟ ಬಾಲಕೃಷ್ಣ. ಅವ್ರಿಗೆ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಎದುರಿನೋರ ತುಟಿ ನೋಡಿ ಟೈಮಿಂಗ್ ಹಿಡೀತಿದ್ರು ಅಂತ ಅವ್ರ ಜೊತೆ ಕೆಲಸ ಮಾಡಿದೋರು ಹೇಳ್ತಾರೆ. ಕಾಮಿಡಿಯನ್ನಿಗೆ ಕಿವಿ ಬೇಕು ಅಂತ ಎಲ್ರೂ ಅಂತಾರೆ, ನಾನು ಕಣ್ಣು ಬೇಕು ಅಂತೀನಿ. ಹಾಲ್ ನಗೋವಾಗ ಯಾರು ನಗ್ತಿಲ್ಲ ಅನ್ನೋದು ಕಾಣ್ಬೇಕು.

ಇನ್ನು ಹೆಸರಿನ ವಿಷಯ. ಒಂದು ಟಿವಿ ಶೋಗೆ ಸೆಲೆಕ್ಟ್ ಆದೆ. ಬೆಂಗಳೂರಿಗೆ ಹೋದ್ಮೇಲೆ ಅಲ್ಲಿ ಸ್ಕ್ರಿಪ್ಟ್ ಕೊಟ್ರು, ನೋಡಿದ್ರೆ ಕುಪ್ಯಚೇಲೆ ಹಾಕ್ಕೊಂಡು, ಕೋವಿ ಹಿಡ್ಕೊಂಡು, ಕುಡ್ದು ತೂರಾಡ್ಬೇಕು. "ಕೊಡಗು ಅಂದ್ರೆ ಜನಕ್ಕೆ ಅದೇ ಅಲ್ವಾ ಸರ್" ಅಂದ್ರು. ನಮ್ಮ ಹಿರಿಯರು ಮದುವೆಗೆ ಹಾಕೋ ಬಟ್ಟೆ ಅದು. ಅದನ್ನ ಕೈಯಲ್ಲಿ ಹಿಡ್ಕೊಂಡು ಮೇಕಪ್ ರೂಮಲ್ಲಿ ಕೂತಿದ್ದಾಗ ನಂಗೆ ಆ ಪಾತ್ರೆ ತೊಳೀತಿದ್ದ ಅಮ್ಮನ ಮುಖ ನೆನಪಾಯ್ತು. ಬಸ್ ಹತ್ತಿ ವಾಪಸ್ ಬಂದೆ. ಅದಾದ್ಮೇಲೆ ಟಿವಿಯೋರು ಯಾರೂ ಕರೀಲಿಲ್ಲ. ನಂಗೆ ಅದ್ರಲ್ಲಿ ಬೇಜಾರಿಲ್ಲ. ನಮ್ಮದು 2011ರ ಜನಗಣತಿಯಲ್ಲಿ 5,54,519 ಜನ ಇದ್ದ ಸಣ್ಣ ಜಿಲ್ಲೆ, ಇಲ್ಲಿ ಹೆಸರು ಅಂದ್ರೆ ಏನು ಗೊತ್ತಾ? ಸಿದ್ದಾಪುರದಲ್ಲಿ ಹೇಳಿದ ಜೋಕು ನಾನು ಮನೆ ಸೇರೋ ಮುಂಚೆ ನಮ್ಮಮ್ಮನಿಗೆ ಗೊತ್ತಾಗಿರ್ತದೆ.

ಲೈನ್ ಮನೆ ಐಟಂ ಬಿಟ್ಟಾಗ ಆರ್ಗನೈಸರ್ಸ್ ಬೈದ್ರು, ಪೇಮೆಂಟೂ ಇಳಿಸಿದ್ರು. ಅದ್ರ ಜಾಗಕ್ಕೆ ಏನು ಹಾಕೋದು? ಎರಡು ವರ್ಷ ಸಿಗ್ಲಿಲ್ಲ. ಕೊನೆಗೆ ಸಿಕ್ಕಿದ್ದು ಮನೆ ಅಂಗಳದಲ್ಲೇ. ನಮ್ಮಪ್ಪನ ಮಳೆ ಗೇಜು! ಮಾರ್ಚಲ್ಲಿ ಹೂ ಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಬಂತು ಅಂದ್ರೆ ಅಪ್ಪ ಬೆಳಿಗ್ಗೆ ಕಾಫಿ ಕೂಡ ಕುಡೀದೆ ಕೊಡೆ ಹಿಡ್ಕೊಂಡು ಗೇಜ್ ಹತ್ರ ಹೋಗೋದು. ಒಂದು ಇಂಚಾದ್ರೂ, ಅಂದ್ರೆ ನೂರು ಸೆಂಟ್, ಬಂದ್ರೆ ಹೂವು ಸರಿಯಾಗಿ ಬಿಡ್ತದೆ, ಕಮ್ಮಿಯಾದ್ರೆ ಅರ್ಧಂಬರ್ಧ, ಫಸಲೇ ಹೋಯ್ತು, ಹಾಗಾಗಿ ಅದು ತಮಾಷೆ ವಿಷಯ ಅಲ್ಲ. ಅಷ್ಟರಲ್ಲಿ ಪಕ್ಕದ ತೋಟದ ಅಂಕಲ್ ಫೋನು. "ನಿಮಗೆಷ್ಟು?" ಅಪ್ಪ ಗಂಭೀರವಾಗಿ, "ತೊಂಬತ್ತು ಸೆಂಟ್. ನಿಮಗೆ?" "ನಮಗೆ ಒಂದು ಇಂಚು ಹತ್ತು ಸೆಂಟ್." ಅಪ್ಪ ಫೋನ್ ಇಟ್ಟು ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳೋದು. ಆಮೇಲೆ ಅಮ್ಮನಿಗೆ ಹೇಳೋದು, "ಅವನ ಗೇಜು ಸಿಲ್ವರ್ ಮರದ ಕೆಳಗುಂಟು, ಎಲೆಯಿಂದ ತೊಟ್ಟಿಕ್ಕೋದನ್ನೂ ಲೆಕ್ಕಕ್ಕೆ ಹಿಡೀತಾನೆ." ಅಮ್ಮ ಏನಂತಾರೆ, "ಹಾಗಾದ್ರೆ ನೀವೂ ನಮ್ಮದನ್ನ ಮರದ ಕೆಳಗಿಡಿ." ನೋಡಿ, ನೀವೆಲ್ಲ ನಗ್ತಿದ್ದೀರ! ನಿಮ್ಮನೆಯಲ್ಲೂ ಇದೇ ತಾನೇ? ಇದನ್ನ ನಾನು ಕನ್ನಡದಲ್ಲಿ ಹೇಳಿದೀನಿ, ಕೊಡವ ತಕ್ಕ್‌ನಲ್ಲಿ ಹೇಳಿದೀನಿ, ಅರೆಭಾಷೆಯಲ್ಲಿ ಹೇಳಿದೀನಿ, ಕೇರಳ ಗಡಿಯ ಕುಟ್ಟ ಕಡೆ ಹೋದ್ರೆ ನಡುನಡುವೆ ಮಲಯಾಳ ಸೇರಿಸ್ತೀನಿ, ಎಲ್ಲಾ ಕಡೆ ನಗು ಒಂದೇ ಜಾಗದಲ್ಲಿ ಬರ್ತದೆ, ಅಮ್ಮನ ಡೈಲಾಗಿಗೆ. ಪಾತ್ರೆ ತೊಳೆಯೋರೂ ಬಾಗ್ಲಿಗೆ ಬಂದು ನಿಂತು ನಗ್ತಾರೆ. ನಂಗೆ ಅದು ಸಾಕು. ಅಪ್ಪ ಒಂದ್ಸಲ ಫಸ್ಟ್ ರೋನಲ್ಲಿ ಕೂತು ಇದನ್ನ ಕೇಳಿದ್ರು. ಮುಗಿದ್ಮೇಲೆ ಹತ್ರ ಬಂದು, "ತೊಂಬತ್ತಲ್ಲ, ತೊಂಬತ್ತೆರಡು ಸೆಂಟ್" ಅಂದ್ರು.

ಗಂಟೆ ತೋರಿಸ್ತಿದ್ದಾರೆ. ಹೊಟ್ಟೆಪಾಡು ಉಳೀತು, ಬೇಗ ಹೇಳ್ತೀನಿ. ಈ ಕೆಲಸದಲ್ಲಿ ದುಡ್ಡು ಮಳೆ ಥರಾನೇ. 2018ರ ಆಗಸ್ಟಲ್ಲಿ ಗುಡ್ಡ ಕುಸಿದ ವರ್ಷ ನಮ್ಮ ಡೈರಿ ಪೂರಾ ಖಾಲಿ, ಕೊರೋನಾ ಟೈಮಲ್ಲಿ ಮತ್ತೆ ಖಾಲಿ. ಇನ್ನೊಂದು ಕೆಲಸ ಕೈಯಲ್ಲಿ ಇಟ್ಕೊಳ್ಳಿ, ಅಡ್ವಾನ್ಸ್ ತಗೊಳ್ದೆ ಡೇಟ್ ಕೊಡ್ಬೇಡಿ. ಚೀಟಿಯಲ್ಲಿ ಇನ್ನೂ ಐದು ಪಾಯಿಂಟ್ ಇತ್ತು, ಇರ್ಲಿ ಬಿಡಿ.

ಆ ರೀಲ್ ಹುಡುಗನಿಗೆ ಒಂದು ಮಾತು ಹೇಳಿ ಇಳೀತೀನಿ. ಸಿಟ್ಟು ಮಾಡ್ಕೋಬೇಡ ಕಣೋ. ನಿನ್ನ ಕಿವಿ ನಂಗಿಂತ ಚೆನ್ನಾಗುಂಟು. ಮೇ ತಿಂಗಳು ದೇವರಪುರಕ್ಕೆ ಒಟ್ಟಿಗೆ ಹೋಗುವ, ನನ್ನ ಬೈಕಲ್ಲೇ ಹೋಗುವ. ಫೋನ್ ಮನೇಲಿಡು, ಜೇಬಲ್ಲಿ ಚಿಲ್ಲರೆ ಇಟ್ಕೊ. ಇಬ್ರಿಗೂ ಬೈತಾರೆ.