ಕಡಲು ಒಂದು ಕಡೆ, ಗಡ್‌ಬಡ್ ಇನ್ನೊಂದು ಕಡೆ

ನಮಸ್ಕಾರ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಶನಿವಾರ ಬೆಳಗ್ಗೆ ಕಣ್ಣುಜ್ಜಿಕೊಂಡು ಮಂಗಳೂರಲ್ಲಿ ಇಳಿಯೋ ಬೆಂಗಳೂರಿನವರಿಗೆ ಇವತ್ತಿನ ಮಾತು. ಇಳಿದವರು ಆಟೋದವರ ಹತ್ರ ಕೇಳೋದು ಒಂದೇ ಪ್ರಶ್ನೆ: "ಸಮುದ್ರ ನೋಡ್ಕೊಂಡು ಕೂತು ಐಸ್ ಕ್ರೀಮ್ ತಿನ್ನೋ ಜಾಗ ಯಾವುದಿದೆ ಸರ್?" ಅಂಥ ಜಾಗ ಹುಡುಕಬೇಡಿ. ಕಡಲು ಚೆನ್ನಾಗಿ ಕಾಣೋ ಕಡೆ ಸಿಹಿ ಸುಮಾರು. ಸಿಹಿ ಚೆನ್ನಾಗಿರೋ ಕಡೆ, ಅಂದ್ರೆ ಪದರ ಪದರದ ಗಡ್‌ಬಡ್ ಐಸ್ ಕ್ರೀಮ್ ಸಿಗೋ ಕಡೆ, ಕಡಲಿನ ಸುಳಿವೇ ಇರಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಬೇಕು ಅಂತ ಹಟ ಹಿಡಿದ್ರೆ, ಬಿಲ್ ಮಾತ್ರ ದೊಡ್ಡದಾಗಿ ಬರುತ್ತೆ.

ಇದಕ್ಕೆ ಕಾರಣ ಊರಿನ ಭೂಗೋಳ. ಮಂಗಳೂರು ಕಡಲ ಊರು ಅಂತೀವಿ, ಆದ್ರೆ ಹಳೇ ಊರು ಕೂತಿರೋದು ಹೊಳೆ ದಡದಲ್ಲಿ. ಫಲ್ಗುಣಿ, ಅಂದ್ರೆ ಗುರುಪುರ ಹೊಳೆ, ಕಡಲಿನ ಹತ್ತಿರದವರೆಗೂ ಬಂದು, ಅಲ್ಲಿ ಸೇರದೆ ದಕ್ಷಿಣಕ್ಕೆ ತಿರುಗುತ್ತೆ. ತಣ್ಣೀರುಬಾವಿ, ಬೆಂಗ್ರೆ ಅನ್ನೋ ಮರಳುಪಟ್ಟಿಯ ಬೆನ್ನಿಗೆ ಅಂಟಿಕೊಂಡೇ ಹರಿದು, ಕೊನೆಗೆ ಅಳಿವೆಯಲ್ಲಿ ನೇತ್ರಾವತಿಯ ಜತೆ ಕಡಲಿಗೆ ಬೀಳುತ್ತೆ. ಹಳೇ ಬಂದರು, ರಥಬೀದಿ, ಹಂಪನಕಟ್ಟೆ ಎಲ್ಲಾ ಈ ಹೊಳೆಯ ಈಚೆ. ಹಾಗಾಗಿ ಮುಂಬೈ ಥರ ಊರ ನಡುವೆಯೇ ಕಡಲಿಗೆ ಮುಖ ಮಾಡಿದ ರಸ್ತೆ ಇಲ್ಲಿಲ್ಲ. ಕಡಲು ಬೇಕಾದ್ರೆ ಗುಡ್ಡ ಹತ್ತಬೇಕು, ಇಲ್ಲಾ ಹೊಳೆ ದಾಟಬೇಕು.

ಗುಡ್ಡ ಅಂದ್ರೆ ಬಾವುಟಗುಡ್ಡೆ, ಕದ್ರಿ. ಹಿಂದೆ ಇಲ್ಲಿಂದ ಹೆಂಚಿನ ಮನೆ, ತೆಂಗಿನ ತಲೆ, ಅದರಾಚೆ ನೀರು ಅಂತ ನೋಟ ತೆರೆದುಕೊಳ್ತಿತ್ತು. ಈಗ ನಡುವೆ ಅಪಾರ್ಟ್‌ಮೆಂಟ್ ಎದ್ದಿವೆ, ಕಡಲು ತುಂಡು ತುಂಡಾಗಿ ಕಾಣುತ್ತೆ. ಆದ್ರೂ ಬಾವುಟಗುಡ್ಡೆಗೆ ಹೋದವರು ಪಕ್ಕದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಒಳಗೆ ತಲೆ ಎತ್ತಿ ನೋಡಿ ಬನ್ನಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಚಾವಣಿ ತುಂಬ ಬಿಡಿಸಿದ ಚಿತ್ರಗಳಿವೆ. ಮಧ್ಯಾಹ್ನದ ಬಿಸಿಲಿಗೆ ಇದಕ್ಕಿಂತ ಒಳ್ಳೇ ನೋಟ ಊರಲ್ಲಿಲ್ಲ, ಕಡಲನ್ನೂ ಸೇರಿಸಿಯೇ ಹೇಳ್ತಿರೋದು.

ಇನ್ನು ಹೊಳೆ ದಾಟೋದು. ನನ್ನ ವೋಟು ಇದಕ್ಕೇ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಹೊಳೆಯೊಳಗೆ ಯುದ್ಧದ ಹಡಗು ನುಗ್ಗದಂತೆ ಕಾಯೋಕೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ ಅದು. ಮೆಟ್ಟಿಲು ಹತ್ತಿ ನಿಂತ್ರೆ ಎದುರಿಗೆ ಹೊಳೆ, ಅದರಾಚೆ ಮರಳುಪಟ್ಟಿಯ ಮರಗಳು. ಕಡಲು ಇನ್ನೂ ಕಾಣಲ್ಲ, ಸದ್ದು ಮಾತ್ರ. ಕೆಳಗೆ ದೋಣಿ ಕಟ್ಟೆ ಇದೆ. ಆಚೆ ದಡಕ್ಕೆ ಕೆಲವೇ ನಿಮಿಷ. ಇಳಿದು ಪಟ್ಟಿಯನ್ನು ಅಡ್ಡಡ್ಡ ನಡೆದ್ರೆ ತಣ್ಣೀರುಬಾವಿ, ಇಡೀ ಕಡಲು ಒಮ್ಮೆಲೇ ಎದುರಿಗೆ.

ಇಲ್ಲಿ ಎಡವೋದು ಎಲ್ಲಿ ಅಂದ್ರೆ, ವಾಪಸ್ ಬರೋ ದೋಣಿ. ಆಚೆ ಇಳಿಯುವಾಗಲೇ "ಕೊನೇ ದೋಣಿ ಎಷ್ಟೊತ್ತಿಗೆ ಅಣ್ಣ?" ಅಂತ ಕೇಳಿಟ್ಕೊಳ್ಳಿ. ಸೂರ್ಯ ಮುಳುಗಿದ ಮೇಲಿನ ಬಣ್ಣ ನೋಡ್ತಾ ಕೂತು ದೋಣಿ ತಪ್ಪಿಸಿಕೊಂಡ್ರೆ, ಕೂಳೂರು ಸೇತುವೆ ಸುತ್ತಿ ಬರಬೇಕು. ಆ ಹೊತ್ತಿಗೆ ಅಲ್ಲಿ ಆಟೋ ಸಿಕ್ಕಿದ್ರೆ ನಿಮ್ಮ ಪುಣ್ಯ. ಮಳೆಗಾಲದಲ್ಲಿ ದೋಣಿಯ ಭರವಸೆ ಬೇಡ.

ಸೂರ್ಯ ಮುಳುಗೋ ಹೊತ್ತಿನ ಲೆಕ್ಕ ಸುಲಭ. ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಮಂಗಳೂರು ಸುಮಾರು 2.7 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ. ಅಂದ್ರೆ ಬೆಂಗಳೂರಿನ ಸೂರ್ಯಾಸ್ತಕ್ಕೆ 11 ನಿಮಿಷ ಕೂಡಿಸಿ, ಅಷ್ಟೇ. ಡಿಸೆಂಬರ್ ಆರಂಭದಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಮುಳುಗುತ್ತೆ, ಜೂನ್ ಕೊನೆಗೆ ಏಳಕ್ಕೆ. ಮುಕ್ಕಾಲು ಗಂಟೆ ಮುಂಚೆ ಮರಳ ಮೇಲಿರಿ, ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಕದಲಬೇಡಿ. ಬಣ್ಣ ಏರೋದೇ ಆಗ, ಜನ ಗಾಡಿ ತೆಗೆಯೋಕೆ ಓಡೋದೂ ಆಗಲೇ. ಜನವರಿ, ಫೆಬ್ರವರಿಯಲ್ಲಿ ದಿಗಂತದ ಮೇಲೆ ಮಬ್ಬು ಕಟ್ಟಿದ್ರೆ ಸೂರ್ಯ ನೀರು ಮುಟ್ಟೋಕೆ ಮುಂಚೆಯೇ ಕರಗಿ ಹೋಗ್ತಾನೆ. ಮಳೆ ತೊಳೆದ ಗಾಳಿ, ಅಲ್ಲೊಂದು ಇಲ್ಲೊಂದು ಮೋಡ ಬೇಕು ಅಂದ್ರೆ ಅಕ್ಟೋಬರ್, ನವೆಂಬರ್ ವಾಸಿ.

ಪಣಂಬೂರು ಬೀಚ್? ಮಕ್ಕಳಿದ್ರೆ ಹೋಗಿ. ಪಕ್ಕದಲ್ಲೇ ನವಮಂಗಳೂರು ಬಂದರು, ಸರದಿಗೆ ಕಾಯೋ ಹಡಗುಗಳ ದೀಪ ಕತ್ತಲಾದ ಮೇಲೆ ಸಾಲಾಗಿ ಹೊತ್ಕೊಳ್ಳುತ್ತೆ. ಸೋಮೇಶ್ವರದ ಬಂಡೆಗಳ ಮೇಲಿನ ನೋಟ ದೊಡ್ಡದು, ನೀರಿನ ಸೆಳೆತ ಅದಕ್ಕಿಂತ ದೊಡ್ಡದು. ಪಾಚಿ ಕಟ್ಟಿದ ಬಂಡೆ ಮೇಲೆ ಸೆಲ್ಫಿಗೆ ನಿಲ್ಲಬೇಡಿ, ನೀರಿಗೆ ಇಳಿಯಲೇಬೇಡಿ. ಎರಡಕ್ಕೂ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಸಿಟಿ ಬಸ್ ಇದೆ, ಕಾರೇ ಬೇಕು ಅಂತಿಲ್ಲ.

ಈಗ ಸಿಹಿ. ಇದನ್ನು ಕಡಲಿಗೆ ಮುಂಚೆ, ಮಧ್ಯಾಹ್ನ ಮೂರಕ್ಕೆ ಮುಗಿಸಿ. ಬಿಸಿಲಿಗೆ ತಣ್ಣಗಿನದು ಬೇಕು ಅನಿಸೋ ಹೊತ್ತು, ಅಂಗಡಿಯೂ ಖಾಲಿ. ಶನಿವಾರ ರಾತ್ರಿ ಎಂಟಕ್ಕೆ ಹೋದ್ರೆ ಊರಿಗೆ ಊರೇ ಅಲ್ಲಿರುತ್ತೆ.

ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಲ್ಲಿ ಅಂತಾರೆ. ಮಂಗಳೂರಲ್ಲಿ ಅದನ್ನ ಮನೆಮಾತು ಮಾಡಿದ್ದು 1975ರಲ್ಲಿ ಶುರುವಾದ ಐಡಿಯಲ್ ಐಸ್ ಕ್ರೀಮ್ ಅಂಗಡಿ. ಹೆಸರಿನ ಅರ್ಥ ಗಡಿಬಿಡಿ, ಆದ್ರೆ ಕಟ್ಟೋ ಕ್ರಮದಲ್ಲಿ ಗಡಿಬಿಡಿ ಇಲ್ಲ. ಉದ್ದನೆ ಗಾಜಿನ ಲೋಟದ ತಳದಲ್ಲಿ ಜೆಲ್ಲಿ, ಹಣ್ಣು, ಮೇಲೆ ಒಂದು ಬಣ್ಣದ ಐಸ್ ಕ್ರೀಮ್, ಗೋಡಂಬಿ ದ್ರಾಕ್ಷಿ, ಮತ್ತೆ ಬೇರೆ ರುಚಿಯ ಐಸ್ ಕ್ರೀಮ್, ಹೀಗೆ ಪದರ ಪದರ. ಕಲಸಬೇಡಿ. ಉದ್ದ ಚಮಚ ತಳದವರೆಗೆ ಇಳಿಸಿ ಮೇಲಕ್ಕೆ ಎತ್ತಿ. ಕರಗಿದ್ದು ತಾನಾಗೇ ಇಳಿದು ಹಣ್ಣಿಗೆ ಸೇರುತ್ತೆ, ಕೊನೆಯ ನಾಲ್ಕು ಚಮಚವೇ ಅದರ ಅಸಲು ರುಚಿ. ಪಾರ್ಸಲ್ ಮಾಡಿಸಿ ಬೀಚಿಗೆ ಒಯ್ದರೆ ಅಲ್ಲಿ ತಲುಪೋದು ಜೆಲ್ಲಿ ತೇಲೋ ಮಿಲ್ಕ್‌ಶೇಕ್.

ಬೆಂಗಳೂರಲ್ಲಿ ಗಡ್‌ಬಡ್ ಅಂತ ಕೊಡೋದರಲ್ಲಿ ಎಷ್ಟೋ ಕಡೆ ಹಣ್ಣಿನ ಜಾಗಕ್ಕೆ ಟೂಟಿ ಫ್ರೂಟಿ ಬಂದಿರುತ್ತೆ. ಅದಕ್ಕಿಂತ ಮನೇಲೇ ಮಾಡಿ. 350 ಮಿ.ಲೀ. ಹಿಡಿಯೋ ಲೋಟವನ್ನ ಇಪ್ಪತ್ತು ನಿಮಿಷ ಫ್ರೀಜರಲ್ಲಿಡಿ. ಎರಡು ಚಮಚ ಜೆಲ್ಲಿ, ಮೂರು ಚಮಚ ಹಣ್ಣು, ಒಂದು ಸ್ಕೂಪ್ ವೆನಿಲ್ಲಾ, ಒಂದು ಚಮಚ ಒಣಹಣ್ಣು, ಒಂದು ಸ್ಕೂಪ್ ಸ್ಟ್ರಾಬೆರಿ, ಮತ್ತೆ ಹಣ್ಣು, ಮೇಲೊಂದು ಸ್ಕೂಪ್ ಪಿಸ್ತಾ. ಸೇಬು, ದಾಳಿಂಬೆ, ಬೀಜವಿಲ್ಲದ ದ್ರಾಕ್ಷಿ ಸರಿ. ಬಾಳೆಹಣ್ಣು ಕೊನೇ ಗಳಿಗೆಯಲ್ಲಿ ಹೆಚ್ಚಿ. ಕಲ್ಲಂಗಡಿ ನೀರು ಬಿಡುತ್ತೆ, ಬೇಡ. ಹಣ್ಣನ್ನು ಫ್ರೀಜರಲ್ಲಿ ಇಡಬೇಡಿ, ಕಲ್ಲಾಗುತ್ತೆ, ಫ್ರಿಜ್ ಸಾಕು.

"ಜೆಲ್ಲಿ ಕಟ್ಟಲೇ ಇಲ್ಲ" ಅನ್ನೋ ದೂರು ಬಂದ್ರೆ ಅನುಮಾನ ಅನಾನಸಿನ ಮೇಲಿರಲಿ. ಹಸಿ ಅನಾನಸಿನ ಬ್ರೊಮೆಲೈನ್ ಅನ್ನೋ ಕಿಣ್ವ ಜೆಲ್ಲಿ ಕಟ್ಟಿಸೋ ಜೆಲಾಟಿನ್ನನ್ನ ಕತ್ತರಿಸಿ ಹಾಕುತ್ತೆ, ಎಷ್ಟು ಹೊತ್ತು ಇಟ್ರೂ ನೀರೇ. ಹಣ್ಣನ್ನ ಐದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಹಾಕಿ, ಇಲ್ಲಾ ಕಡಲಪಾಚಿಯಿಂದ ಬರೋ ಚೈನಾ ಗ್ರಾಸ್ ಬಳಸಿ, ಅದಕ್ಕೆ ಈ ಕಾಟ ಇಲ್ಲ. ಇನ್ನೊಂದು, ಡಬ್ಬಿ ಮೇಲೆ "ಫ್ರೋಜನ್ ಡೆಸರ್ಟ್" ಅಂತಿದ್ರೆ ಅದು ಐಸ್ ಕ್ರೀಮ್ ಅಲ್ಲ. ಐಸ್ ಕ್ರೀಮ್ ಅನ್ನಿಸಿಕೊಳ್ಳೋಕೆ ನಮ್ಮ ನಿಯಮದ ಪ್ರಕಾರ ಕನಿಷ್ಠ 10 ಶೇಕಡಾ ಹಾಲಿನ ಕೊಬ್ಬು ಬೇಕು. ಫ್ರೋಜನ್ ಡೆಸರ್ಟಲ್ಲಿರೋದು ಸಸ್ಯದ ಎಣ್ಣೆ, ತಿಂದ ಮೇಲೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗಾದ್ರೆ ಕಾರಣ ಅದೇ.

ಮಂಗಳೂರಿಗೆ ಹೋಗಿ ಐಸ್ ಕ್ರೀಮ್ ಮಾತ್ರ ತಿಂದು ಬರೋರ ಮೇಲೆ ಸ್ವಲ್ಪ ಕೋಪ ಇದೆ. ಮೇ, ಜೂನ್‌ನಲ್ಲಿ ಹಲಸಿನ ಹಣ್ಣಿನ ಗಟ್ಟಿ ಅನ್ನೋ ಕಡುಬು ಕೇಳಿ. ತೇಗದ ಎಲೆಯಲ್ಲಿ ಕಟ್ಟಿ ಬೇಯಿಸಿದ್ದಾದ್ರೆ ಎಲೆಯ ಕೆಂಪು ಗಟ್ಟಿಯ ಮೈಗೆಲ್ಲ ಹತ್ತಿರುತ್ತೆ. ಅದು ಹಾಕಿದ ಬಣ್ಣ ಅಲ್ಲ, ಹೆದರಬೇಡಿ. ನಾಗರಪಂಚಮಿ ಹೊತ್ತಿಗೆ ಅರಿಶಿನ ಎಲೆಯಲ್ಲಿ ಬೇಯಿಸೋ ಸಿಹಿ ಕಡುಬು ಪತ್ತೊಳಿ. ಕಾಯಿ ಬೆಲ್ಲದ ಹೂರಣ ಸೋರಿ ಎಲೆಗೆ ಅಂಟಿದ್ರೆ ಅಕ್ಕಿ ಹಿಟ್ಟು ತೆಳುವಾಗಿತ್ತು ಅಂತ ಅರ್ಥ. ರುಬ್ಬುವಾಗ ನೀರು ಚಮಚದ ಲೆಕ್ಕದಲ್ಲಿ ಹಾಕಬೇಕು. ಡಿಸೆಂಬರಲ್ಲಿ ಬೇಕರಿಗಳಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರ್, ಅಂದ್ರೆ ಹಬ್ಬದ ತಿಂಡಿಗಳ ಕಟ್ಟು, ಅದರೊಳಗಿನ ನೆವ್ರಿ, ಕುಲ್‌ಕುಲ್. ಬೆಂಗಳೂರಿಗೆ ಕಟ್ಟಿಸಿಕೊಂಡು ಬರೋಕೆ ಇದೇ ಸರಿ, ಒಣ ತಿಂಡಿ, ದಾರೀಲಿ ಕೆಡಲ್ಲ.

ಭಾನುವಾರ ರಾತ್ರಿ ಬಸ್ ಹತ್ತೋಕೆ ಮುಂಚೆ "ಕೊನೇದಾಗಿ ಒಂದು ಗಡ್‌ಬಡ್" ಅನ್ನಬೇಡಿ. ಎರಡು ಗಂಟೆ ಕಳೆದ್ರೆ ಶಿರಾಡಿ ಘಾಟಿ, ತಿರುವಿನ ಮೇಲೆ ತಿರುವು, ಮೂರು ಸ್ಕೂಪ್ ಹೊಟ್ಟೆಯಲ್ಲಿ ಒಂದೇ ಕಡೆ ಕೂರಲ್ಲ.