ಜೇಡ ಕಚ್ತು ಅನ್ನೋ ಮುಂಚೆ ಗಾಯ ಸರಿಯಾಗಿ ನೋಡಿ

ಎಲ್ರಿಗೂ ನಮಸ್ಕಾರ. ಕಾಫಿ ಕುಯ್ಲು ಶುರುವಾದ್ರೆ ಸಾಕು, ತೋಟದಲ್ಲಿ ಸಾಲು ಬಿಟ್ಟು ಸಾಲಿಗೆ ಹೋಗೋವಾಗ ಮುಖಕ್ಕೆ ಬಲೆ ಅಂಟ್ಕೊಳ್ಳುತ್ತೆ, ಯಾರೋ ಒಬ್ರು ಅಯ್ಯೋ ಜೇಡ ಅಂತ ಕೂಗ್ತಾರೆ, ಸಂಜೆ ಹೊತ್ತಿಗೆ ಇನ್ಯಾರೋ ಕೈ ಊದಿದೆ ಅಂತ ತೋರಿಸ್ತಾರೆ. ಅದಕ್ಕೇ ಇವತ್ತು ಜೇಡ ಕಚ್ಚೋದ್ರ ಬಗ್ಗೆ ಮಾತಾಡೋಣ.

ವಿಷ ಇಲ್ಲದ ಜೇಡ ತೀರಾ ಅಪರೂಪ. ಹೆಚ್ಚುಕಮ್ಮಿ ಎಲ್ಲಾ ಜೇಡಕ್ಕೂ ವಿಷ ಇದೆ, ಆದ್ರೆ ಅದು ಇರೋದು ನೊಣ, ಜಿರಳೆ, ಮಿಡತೆ ಹಿಡಿಯೋಕೆ, ನಮಗೋಸ್ಕರ ಅಲ್ಲ. ಎಷ್ಟೋ ಜೇಡಗಳ ಹಲ್ಲು ನಮ್ಮ ಚರ್ಮ ದಾಟೋದೇ ಇಲ್ಲ, ದಾಟಿದ್ರೂ ಒಂದಷ್ಟು ಉರಿ, ಒಂದಷ್ಟು ಕೆಂಪು, ಅಷ್ಟೇ. ಹಾಗಾಗಿ ಇದು ವಿಷದ್ದಾ ಅಂತ ಕೇಳೋದಕ್ಕಿಂತ, ಇದ್ರಿಂದ ಮನುಷ್ಯರಿಗೆ ತೊಂದ್ರೆ ಇದೆಯಾ ಅಂತ ಕೇಳ್ಬೇಕು.

ನಮ್ಮಲ್ಲಿ ಜನ ಜಾಸ್ತಿ ಹೆದರೋದು ಎರಡಕ್ಕೆ, ಎರಡೂ ಪಾಪದವು. ಒಂದು ಸಿಲ್ವರ್ ಓಕಿಗೂ ಕಾಫಿ ಗಿಡಕ್ಕೂ ನಡುವೆ ದೊಡ್ಡ ಬಲೆ ಕಟ್ಕೊಂಡು ಮಧ್ಯದಲ್ಲಿ ತಲೆ ಕೆಳಗಾಗಿ ಕೂತಿರುತ್ತಲ್ಲ, ಕಪ್ಪು ಹಳದಿ ಮೈ, ಉದ್ದುದ್ದ ಕಾಲು, ಕಾಲು ಚಾಚಿದ್ರೆ ನಮ್ಮ ಅಂಗೈ ತುಂಬುತ್ತೆ, ಅದನ್ನ ಜೈಂಟ್ ವುಡ್ ಸ್ಪೈಡರ್ ಅಂತಾರೆ. ಬಿಸಿಲು ಬಿದ್ದಾಗ ನೋಡಿ, ಆ ನೂಲು ಚಿನ್ನದ ಬಣ್ಣಕ್ಕೆ ಹೊಳೆಯುತ್ತೆ. ಅಷ್ಟು ದೊಡ್ಡದು ಹೆಣ್ಣು, ಅದೇ ಬಲೆಯ ಮೂಲೆಯಲ್ಲಿ ಕೆಂಪಗೆ ಒಂದು ಚೂರು ಥರ ಕೂತಿರೋದು ಅದರ ಗಂಡ, ಪಾಪ. ಇನ್ನೊಂದು ಬಚ್ಚಲುಮನೆ ಗೋಡೆ ಮೇಲೆ ಚಪ್ಪಟೆಯಾಗಿ ಅಂಟ್ಕೊಂಡಿರೋ ಕಂದು ಜೇಡ, ಹಂಟ್ಸ್‌ಮನ್. ಇದು ಬಲೆನೇ ಕಟ್ಟಲ್ಲ, ರಾತ್ರಿ ಓಡಾಡಿ ಜಿರಳೆ ಹಿಡಿಯುತ್ತೆ. ಹೊಟ್ಟೆ ಕೆಳಗೆ ಹಳೇ ಒಂದು ರೂಪಾಯಿ ನಾಣ್ಯದ ಹಾಗೆ ಬಿಳಿ ಬಿಲ್ಲೆ ಹಿಡ್ಕೊಂಡಿದ್ರೆ ಅದು ಮೊಟ್ಟೆ ಚೀಲ, ಆವಾಗ ಮಾತ್ರ ಕೆಣಕ್ಬೇಡಿ, ತಾಯಿ ಅಲ್ವಾ, ಕಚ್ಚಿಬಿಡಬಹುದು. ಕಚ್ಚಿದ್ರೂ ನೋವು ಬಿಟ್ರೆ ಬೇರೇನಿಲ್ಲ.

ಸ್ವಲ್ಪ ಹುಷಾರಾಗಿ ಇರ್ಬೇಕಾಗಿದ್ದು ಟರಾಂಟುಲಾ ಜಾತಿಯವು. ಪಶ್ಚಿಮ ಘಟ್ಟದಲ್ಲಿ ಮರದ ಪೊಟರೆಯಲ್ಲಿ ಇರೋವೂ ಇವೆ, ರಸ್ತೆ ಪಕ್ಕದ ಬರೆಯಲ್ಲಿ ಬಿಲ ಮಾಡ್ಕೊಂಡು ಅದರ ಬಾಯಿಗೆ ರೇಷ್ಮೆ ಹೊದಿಸ್ಕೊಂಡು ಕೂರೋವೂ ಇವೆ. ಮೈ ತುಂಬ ರೋಮ, ದಪ್ಪ ಕಾಲು. ಕೆಣಕಿದ್ರೆ ಮುಂದಿನ ಕಾಲು ಮೇಲಕ್ಕೆತ್ತಿ ನಿಲ್ಲುತ್ತೆ, ಮರದಲ್ಲಿರೋದಾದ್ರೆ ಕಾಲಿನ ಅಡಿಯಲ್ಲಿ ಹಳದಿ ಪಟ್ಟೆ ಕಾಣುತ್ತೆ, ಅಷ್ಟು ಹೇಳಿದ ಮೇಲೂ ನಾವು ಕೋಲು ಹಾಕಿದ್ರೆ ತಪ್ಪು ಯಾರದ್ದು ಹೇಳಿ. ಈ ಮರದ ಟರಾಂಟುಲಾ ಕಚ್ಚಿದ್ರೆ ವಿಪರೀತ ನೋವು, ಊತ, ಕೆಲವರಿಗೆ ಕೆಲವು ಗಂಟೆ ಬಿಟ್ಟು ಸ್ನಾಯು ಹಿಡ್ಕೊಳ್ಳೋದು, ಅದು ದಿನಗಟ್ಟಲೆ ಬಂದು ಹೋಗಿ ಮಾಡ್ಬಹುದು. ಸಾಯೋದೇನಿಲ್ಲ, ಆದ್ರೆ ಆಸ್ಪತ್ರೆಗೆ ಹೋಗ್ಬೇಕು. ಆಮೇಲೆ ವಿಡೋ ಸ್ಪೈಡರ್ ಅಂತ, ಭಾರತದಲ್ಲೂ ಇವೆ, ಗುಂಡು ಹೊಟ್ಟೆ, ಹೊಟ್ಟೆ ಅಡಿ ಕೆಂಪು ಇಲ್ಲಾ ಕಿತ್ತಳೆ ಬಣ್ಣದ ಡಮರು ಥರ ಗುರುತು. ಅದು ಕಚ್ಚಿದ ಜಾಗದಲ್ಲಿ ಏನೂ ಕಾಣದೇ ಇರಬಹುದು, ಆದ್ರೆ ಒಂದು ಗಂಟೆಯೊಳಗೆ ನೋವು ಮೇಲೆ ಹತ್ತಿ ಹೊಟ್ಟೆ ಗಟ್ಟಿಯಾಗಿ ಮೈ ಬೆವರುತ್ತೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತಿದ್ದ ವಿಷಯ. ಜೇಡ ಕಚ್ಚಿದೆ ಅಂತ ನಾವು ಅನ್ಕೊಳ್ಳೋ ಎಷ್ಟೋ ಗಾಯ ಜೇಡದ್ದೇ ಅಲ್ಲ. ಬೆಳಗ್ಗೆ ಎದ್ದಾಗ ಕತ್ತಿನ ಮೇಲೆ ಗೆರೆ ಎಳೆದ ಹಾಗೆ ಬೊಬ್ಬೆ, ಉರಿ. ಮನೆಯಲ್ಲಿ ಅಜ್ಜಿ ಜೇಡ ಉಚ್ಚೆ ಹೊಯ್ದಿದೆ ಅಂತಾರೆ. ಅದು ಮಳೆ ಬಂದ ಮೇಲೆ ಟ್ಯೂಬ್‌ಲೈಟಿಗೆ ಬರುತ್ತಲ್ಲ ಕಿತ್ತಳೆ ಕಪ್ಪು ಪಟ್ಟೆಯ ಸಣ್ಣ ಉದ್ದ ಹುಳ, ನಿದ್ದೆಯಲ್ಲಿ ಅದನ್ನ ಉಜ್ಜಿರ್ತೀವಿ, ಅದರ ರಸ ಚರ್ಮ ಸುಟ್ಟಿರುತ್ತೆ. ಕೈ ಮೇಲೆ ಕೂತ್ರೆ ಹೊಡೀಬೇಡಿ, ಊದಿ ಓಡ್ಸಿ, ಮುಟ್ಟಿದ ಜಾಗ ಸೋಪು ಹಾಕಿ ತೊಳೀರಿ. ಕೀವು ತುಂಬಿ ಬಿಸಿ ಆಗಿರೋ ಗಡ್ಡೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಪ್ಪು ಹೆಕ್ಕಳೆ. ಕಂಕುಳು, ಸೊಂಟ, ತೊಡೆ ಸಂದು, ಇಂಥ ಜಾಗದಲ್ಲಿ ಬೀಡಿಯಲ್ಲಿ ಸುಟ್ಟ ಗಾಯದಂತೆ ಕಪ್ಪು ಕಲೆ, ನೋವೇ ಇಲ್ಲ, ಜೊತೆಗೆ ಜ್ವರ ತಲೆನೋವು. ಇದನ್ನ ಜೇಡ ಅನ್ಕೊಂಡು ಅರಿಶಿನ ಹಚ್ಚಿ ಕೂತ್ರೆ ಕೆಲಸ ಕೆಡ್ತು. ಇದು ಸ್ಕ್ರಬ್ ಟೈಫಸ್ ಆಗಿರಬಹುದು, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಪೊದೆ ಹುಲ್ಲಿನಿಂದ ಹತ್ತಿ ಕಚ್ಚಿರುತ್ತೆ, ಜ್ವರ ಬರೋದು ವಾರ ಹತ್ತು ದಿನ ಆದ ಮೇಲೆ, ಅಷ್ಟೊತ್ತಿಗೆ ಕಳೆ ತೆಗೆದಿದ್ದು ಯಾರಿಗೆ ನೆನಪಿರುತ್ತೆ. ಡಾಕ್ಸಿಸೈಕ್ಲಿನ್ ಅನ್ನೋ ಸಾಧಾರಣ ಮಾತ್ರೆಗೆ ಬೇಗ ಬಗ್ಗುತ್ತೆ, ತಡ ಮಾಡಿದ್ರೆ ಶ್ವಾಸಕೋಶ, ಕಿಡ್ನಿಗೆ ಹೋಗುತ್ತೆ. ನನಗೆ ಕೇಳಿದ್ರೆ ತೋಟದ ಲೈನ್ ಮನೆಗಳಲ್ಲಿ ಟರಾಂಟುಲಾ ಫೋಟೋ ಅಂಟಿಸೋದಕ್ಕಿಂತ ಈ ಕಪ್ಪು ಕಲೆಯ ಫೋಟೋ ಅಂಟಿಸ್ಬೇಕು.

ನಿಜವಾಗಿ ಜೇಡನೇ ಕಚ್ಚಿದ್ರೆ? ಸೋಪು ನೀರಲ್ಲಿ ತೊಳೀರಿ, ಐಸನ್ನ ಬಟ್ಟೆಯಲ್ಲಿ ಸುತ್ತಿ ಇಡಿ, ಉಂಗುರ ಬಳೆ ಇದ್ರೆ ಊದೋ ಮೊದಲೇ ತೆಗೀರಿ. ಬಿಗಿಯಾಗಿ ಕಟ್ಟೋದು, ಬ್ಲೇಡ್ ಹಾಕೋದು, ಬಾಯಲ್ಲಿ ಹೀರೋದು, ಸುಣ್ಣ ಹೊಗೆಸೊಪ್ಪು ಮೆತ್ತೋದು, ಇದ್ಯಾವುದೂ ಬೇಡ. ಹಾವಿನ ಇಂಜೆಕ್ಷನ್ ಕೊಡಿ ಅಂತ ಆಸ್ಪತ್ರೆಯಲ್ಲಿ ಜಗಳ ಮಾಡ್ಬೇಡಿ, ಅದು ಜೇಡಕ್ಕೆ ಕೆಲಸ ಮಾಡಲ್ಲ. ಉಸಿರು ಕಟ್ಟೋದು, ತುಟಿ ಮುಖ ಊದೋದು, ಹೊಟ್ಟೆ ಹಿಡ್ಕೊಳ್ಳೋದು, ಇಲ್ಲಾ ಕಚ್ಚಿಸ್ಕೊಂಡಿದ್ದು ಚಿಕ್ಕ ಮಗು ಅಂದ್ರೆ ಕಾಯ್ಬೇಡಿ, ಜೀಪೋ ಆಟೋನೋ ಸಿಕ್ಕಿದ್ದು ಹತ್ತಿ.

ಆದ್ರೆ ಹೋಗೋವಾಗ ಆ ಜೇಡದ್ದು ಮೊಬೈಲಲ್ಲಿ ಒಂದು ಫೋಟೋ ತಗೊಳ್ಳಿ, ಮುಟ್ಟೋಕೆ ಹೋಗ್ಬೇಡಿ. ಕಣ್ಣಾರೆ ನೋಡಿಲ್ಲ ಅಂದ್ರೆ ಡಾಕ್ಟರ್ ಹತ್ರ ಜೇಡ ಕಚ್ಚಿದೆ ಅನ್ನೋ ಬದಲು, ಗಾಯ ಯಾವಾಗಿಂದ ಇದೆ, ಜ್ವರ ಯಾವತ್ತು ಶುರುವಾಯ್ತು, ಹಿಂದಿನ ಎರಡು ವಾರ ತೋಟದಲ್ಲಿ ಏನು ಕೆಲಸ ಮಾಡಿದ್ರಿ ಅನ್ನೋದನ್ನ ಅವ್ರು ಕೇಳದೇ ಇದ್ರೂ ಹೇಳಿ. ನಮಸ್ಕಾರ.