ಕುರ್ಚಿಯ ಹಿಂದೆ ನಿಂತವರು

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಮನೆ, ಮಕ್ಕಳು, ಟ್ರಾಫಿಕ್ಕು ಎಲ್ಲ ದಾಟಿ ಬಂದಿದ್ದೀರಿ. ಅದೂ ಆಫೀಸಿನ ಮಾತು ಕೇಳೋಕೆ! ನಿಮ್ಮ ತಾಳ್ಮೆ ದೊಡ್ಡದು.

ನಮ್ಮಲ್ಲಿ ಒಂದು ಗಾದೆ ಇದೆ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಚಿಕ್ಕವಳಿದ್ದಾಗ ಅಜ್ಜನ ಬಾಯಲ್ಲಿ ಕೇಳಿ, ಇದು ಸೋಮಾರಿಗಳಿಗೆ ಹೇಳಿದ ಬುದ್ಧಿಮಾತು ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಕೆಲವು ಮ್ಯಾನೇಜರ್‌ಗಳು ಇದನ್ನು ಬೆಳಗ್ಗೆ ಎದ್ದು ಮಂತ್ರದ ಹಾಗೆ ಹೇಳಿಕೊಂಡೇ ಆಫೀಸಿಗೆ ಬರುತ್ತಾರೆ. ಅವರ ಲೆಕ್ಕದಲ್ಲಿ ನಾವೆಲ್ಲ ಆ ಮೂರನೇ ಸಾಲು.

ನಾನು ಅಕೌಂಟ್ಸ್ ಸೆಕ್ಷನ್ನಿನಲ್ಲಿ ಇದ್ದವಳು. ಕಂಪನಿ ಯಾವುದು ಅನ್ನೋದು ಬೇಡ. ಒಂದು ದಿನ ಬೆಳಗ್ಗೆ ಸಪ್ಲೈಯರ್ ಒಬ್ಬರು ಮೇಲ್ ಹಾಕಿದ್ದರು, ನಮ್ಮ ಬಿಲ್ ಯಾವಾಗ ಪಾಸಾಗುತ್ತದೆ ಅಂತ. ನಾಲ್ಕು ಸಾಲಿನ ಉತ್ತರ ಬರೆದೆ. ಕಳಿಸುವ ಮೊದಲು ಸಾಹೇಬರಿಗೆ ತೋರಿಸಬೇಕಿತ್ತು, ಅದು ನಿಯಮ. ಅವರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ‘ಶುಕ್ರವಾರದೊಳಗೆ’ ಅಂತಿದ್ದದ್ದನ್ನು ‘ಗುರುವಾರ ಸಂಜೆಯೊಳಗೆ’ ಮಾಡಿಸಿದರು. ಊಟ ಮುಗಿಸಿ ಬಂದು, "ಗುರುವಾರ ಅಂತ ಮಾತು ಕೊಡೋಕೆ ಯಾರು ಹೇಳಿದ್ದು?" ಅಂದರು. ಮತ್ತೆ ‘ಶುಕ್ರವಾರದೊಳಗೆ’ ಆಯಿತು. ಆಮೇಲೆ ಎರಡು ಅಲ್ಪವಿರಾಮ ತೆಗೆಸಿದರು. ನಾಲ್ಕು ಗಂಟೆಗೆ ಸಪ್ಲೈಯರೇ ಫೋನ್ ಮಾಡಿದರು. ಮೇಲ್ ಇನ್ನೂ ಡ್ರಾಫ್ಟಿನಲ್ಲೇ ಇತ್ತು.

ಅದೇ ವರ್ಷ ಆಡಿಟ್ಟಿಗೆ ಮೂರು ವಾರ ರಾತ್ರಿ ಹತ್ತರವರೆಗೆ ಕೂತಿದ್ದೆವು. ಆಡಿಟರುಗಳು ಒಂದೇ ಒಂದು ತಕರಾರು ಎತ್ತದೆ ಎದ್ದು ಹೋದರು. ಸಾಹೇಬರು ಫೈಲುಗಳ ಸಾಲನ್ನು ನೋಡಿ ಹೇಳಿದ್ದು ಇಷ್ಟೇ: "ಈ ಲೇಬಲ್ ಯಾಕೆ ಓರೆ ಅಂಟಿಸಿದ್ದೀರಿ?"

ನಗ್ತಿದ್ದೀರಿ. ನಿಮ್ಮಲ್ಲೂ ಇಂಥವರು ಒಬ್ಬರು ಇದ್ದಾರೆ, ಅಲ್ವಾ?

ಇದು ಹಳೆಯ ಜಗಳ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಫ್ರೆಡರಿಕ್ ಟೇಲರ್ ಅನ್ನುವ ಇಂಜಿನಿಯರ್, ಕೆಲಸಗಾರನ ಒಂದೊಂದು ಚಲನೆಯನ್ನೂ ಸ್ಟಾಪ್‌ವಾಚ್ ಹಿಡಿದು ಅಳೆಯುವ ಪದ್ಧತಿಗೆ ದೊಡ್ಡ ಹೆಸರು ತಂದುಕೊಟ್ಟ. 1911ರಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಎಂಬಲ್ಲಿ, ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಎರಕದ ಶೆಡ್ಡಿಗೆ ಈ ಗಡಿಯಾರ ಬಂತು. ಕೆಲಸಗಾರರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೊರಗೆ ನಡೆದರು. ವಿಷಯ ಸಂಸತ್ತಿಗೆ ಹೋಯಿತು, ಟೇಲರ್‌ನನ್ನೇ ಕರೆಸಿ ವಿಚಾರಣೆ ಮಾಡಿದರು. ಮುಂದೆ ಅಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿಯೋದಕ್ಕೇ ತಡೆ ಬಿತ್ತು. ಈಗ ಗಡಿಯಾರ ಇಲ್ಲ ಬಿಡಿ. ಚಾಟ್‌ನಲ್ಲಿ ನಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕೆ ಇದೆ. ಅದು ಹಳದಿಯಾದರೆ ಫೋನ್ ಬರುತ್ತದೆ.

"ಇದೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಸುಮ್ನೆ ಕೆಲಸ ಮಾಡು" ಅನ್ನುವವರಿಗೆ ಒಂದು ಮಾತು. ಲಂಡನ್ನಿನ ಸುಮಾರು ಹತ್ತು ಸಾವಿರ ಸರ್ಕಾರಿ ನೌಕರರನ್ನು 1985ರಿಂದ ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಒಂದಿದೆ. ವೈಟ್‌ಹಾಲ್ ಅಧ್ಯಯನ ಅಂತಾರೆ. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ನಾವು ಹಚ್ಚಿಕೊಳ್ಳದಿದ್ದರೂ ಮೈ ಹಚ್ಚಿಕೊಳ್ಳುತ್ತದೆ.

ನಾನು ಹೇಳಬೇಕು ಅಂತ ಬಂದದ್ದು ಇಷ್ಟೇ. ಅತಿಯಾದ ನಿಗಾ ಒಂದು ಕಾಯಿಲೆ, ಮೆಚ್ಚುಗೆ ಸಿಗದಿರುವುದು ಬೇರೆ ಕಾಯಿಲೆ. ಎರಡೂ ಒಬ್ಬರಿಂದಲೇ ಬರುತ್ತವೆ, ಅದಕ್ಕೆ ಒಂದೇ ಅನಿಸುತ್ತವೆ. ಮೊದಲನೆಯದನ್ನು ನಾವು ಸ್ವಲ್ಪ ಇಳಿಸಬಹುದು. ಎರಡನೆಯದನ್ನು ಅವರಿಂದಲೇ ವಸೂಲಿ ಮಾಡುತ್ತೇನೆ ಅಂತ ಕೂತರೆ ಆಯುಷ್ಯ ಮುಗಿಯುತ್ತದೆ.

ಒಂದು ದಿನ ನೀರು ಹಿಡಿಯೋಕೆ ಹೋದಾಗ ಸಾಹೇಬರು ಫಿಲ್ಟರಿನ ಪಕ್ಕ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. "ಈಗಲೇ ನೋಡಿ ಹೇಳ್ತೀನಿ ಸರ್." ಐದು ಸಲ ಅದೇ ಮಾತು. ಕೈಯಲ್ಲಿದ್ದ ಲೋಟ ತುಂಬಿ ಚೆಲ್ಲುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಅವರ ಕುರ್ಚಿಯ ಹಿಂದೆಯೂ ಯಾರೋ ನಿಂತಿದ್ದರು. ಪಾಪ ಅನಿಸಿತಾ? ಸ್ವಲ್ಪ ಅನಿಸಿತು. ಸಿಟ್ಟೇನೂ ಹೋಗಲಿಲ್ಲ. ಆದರೆ ಒಂದು ಉಪಾಯ ಹೊಳೆಯಿತು.

ಮರುದಿನದಿಂದ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಅವರಿಗೆ ಮೂರು ಸಾಲಿನ ಮೇಲ್ ಹಾಕತೊಡಗಿದೆ. ನಿನ್ನೆ ಮುಗಿದದ್ದು ಏನು, ಸಿಕ್ಕಿಕೊಂಡದ್ದು ಏನು, ನೀವು ಹೇಳಬೇಕಾದದ್ದು ಏನು. ಅವರು ಕೇಳುವ ಮೊದಲೇ. ಮೊದಲ ವಾರ ಏನೂ ಬದಲಾಗಲಿಲ್ಲ, ಮೇಲ್ ಓದಿಯೂ ಬಂದು ನಿಂತರು. ಮೂರನೇ ವಾರ ದಿನಕ್ಕೆ ಒಂದೇ ಸಲ ಬಂದರು. ಆಗ ಅವರ ಕ್ಯಾಬಿನ್ನಿಗೆ ಹೋಗಿ, ಯಾರೂ ಇಲ್ಲದಾಗ ಕೇಳಿದೆ: "ಸರ್, ಯಾವುದನ್ನು ತೋರಿಸಲೇಬೇಕು, ಯಾವುದನ್ನು ನಾನೇ ಕಳಿಸಬಹುದು?" ತುಂಬಾ ಹೊತ್ತು ಯೋಚಿಸಿ, ಐವತ್ತು ಸಾವಿರದೊಳಗಿನ ಬಿಲ್ ನೀವೇ ನೋಡಿಕೊಳ್ಳಿ ಅಂದರು. ಎಲ್ಲರೆದುರು ಕೇಳಿದ್ದರೆ ಬೈಗುಳ ಸಿಗುತ್ತಿತ್ತು. ಇದನ್ನು ಗಟ್ಟಿಯಾಗಿ ನೆನಪಿಡಿ.

ಇನ್ನು ಮೆಚ್ಚುಗೆ. ಯೋಹಾನ್ಸ್ ಸೀಗ್ರಿಸ್ಟ್ ಅನ್ನುವ ಸಮಾಜಶಾಸ್ತ್ರಜ್ಞ 1996ರಲ್ಲಿ ಒಂದು ಮಾತು ಮುಂದಿಟ್ಟ. ಹಾಕಿದ ಶ್ರಮ ತಕ್ಕಡಿಯ ಒಂದು ತಟ್ಟೆ. ಸಂಬಳ, ಗೌರವ, ಬಡ್ತಿ, ಕೆಲಸದ ಭದ್ರತೆ ಇನ್ನೊಂದು. ವರ್ಷಗಟ್ಟಲೆ ಒಂದೇ ಕಡೆ ವಾಲಿದರೆ ಆರೋಗ್ಯ ಕೆಡುತ್ತದೆ ಅಂತ. ಆದ್ದರಿಂದ "ಒಂದು ಶಹಬ್ಬಾಸ್ ಅನ್ನಬಾರದಿತ್ತಾ" ಅಂತ ಅನಿಸಿದರೆ ನಾಚಿಕೊಳ್ಳಬೇಡಿ. ಅದು ಹೊಗಳಿಕೆಯ ಹುಚ್ಚಲ್ಲ.

ನಾನು ಮಾಡಿದ್ದು, ಡೈರಿಯ ಹಿಂದಿನ ಪುಟಗಳಲ್ಲಿ ಪ್ರತಿ ಶುಕ್ರವಾರ ಎರಡು ಸಾಲು. ಯಾವ ತಪ್ಪು ಹಿಡಿದೆ, ಎಷ್ಟು ದುಡ್ಡು ಉಳಿಯಿತು, ಯಾರು ಥ್ಯಾಂಕ್ಸ್ ಹೇಳಿದರು, ತಾರೀಕಿನ ಸಮೇತ. ಇದು ಮನಸ್ಸಿನ ಸಮಾಧಾನಕ್ಕಲ್ಲ, ಸಾಕ್ಷಿಗೆ. ಅಪ್ರೈಸಲ್ ಹೊತ್ತಿಗೆ "ನೀವು ಈ ವರ್ಷ ವಿಶೇಷವಾಗಿ ಏನು ಮಾಡಿದ್ರಿ?" ಅಂತ ಕೇಳಿದಾಗ ನಮಗೇ ಮರೆತು ಹೋಗಿರುತ್ತದೆ. ಒಂದು ವರ್ಷ ಆ ಪುಟ ತಿರುವಿ ಓದಿದೆ. ಸಾಹೇಬರು ಹೊಗಳಲಿಲ್ಲ. ರೇಟಿಂಗ್ ಮಾತ್ರ ಒಂದು ಮೆಟ್ಟಿಲು ಏರಿತು. ನನಗೆ ಅಷ್ಟು ಸಾಕಿತ್ತು.

ಇಷ್ಟೆಲ್ಲ ಮಾಡಿಯೂ ಬದಲಾಗದವರು ಇದ್ದಾರೆ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳೆಸುವುದು, ನಿದ್ದೆ ಹಾರುವುದು ಶುರುವಾದರೆ ಬೇರೆ ಕೆಲಸ ಹುಡುಕಿ. ಸಿಕ್ಕಿದ ಮೇಲೆ ಬಿಡಿ. ಇಎಂಐ ನಮ್ಮ ಸಿಟ್ಟು ನೋಡಿ ನಿಲ್ಲುವುದಿಲ್ಲ. ತಡೆಯೋಕೆ ಆಗುತ್ತಿಲ್ಲ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸೇ ಅದರ ಹಿಂದಿರುವ ಮುಖ್ಯ ಕೇಂದ್ರ.

ಕೊನೆಗೆ ನಾನೂ ಬೇರೆ ಕಡೆ ಹೋದೆ. ಕೊನೆಯ ದಿನ ಸಾಹೇಬರು ಹ್ಯಾಂಡೋವರ್ ಪಟ್ಟಿಯ ಒಂದೊಂದು ಸಾಲಿಗೂ ಟಿಕ್ ಹಾಕಿಸಿದರು. ಕೀ, ಸ್ಟ್ಯಾಂಪು, ಸ್ಟೇಪ್ಲರ್ ಸಮೇತ. ಎಲ್ಲ ಮುಗಿದ ಮೇಲೆ ಪೆನ್ನಿನ ಕ್ಯಾಪ್ ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದರು: "ಆ ಬೆಳಗಿನ ಮೇಲ್ ಇನ್ಮೇಲೆ ಯಾರು ಹಾಕ್ತಾರೆ?"

ಅವತ್ತು ಶುಕ್ರವಾರ. ಡೈರಿಯಲ್ಲಿ ಅದನ್ನೇ ಬರೆದುಕೊಂಡೆ.

ಮೈಕ್ ಆ ಕಡೆ ಕೊಡ್ತೀನಿ. ಪ್ರಶ್ನೆ ಇದ್ದರೆ ಕೇಳಿ.